ತಾತ–ಮೊಮ್ಮಗಳು ಕೂಡಿ ಬರೆದ ಮಸ್ಕಿ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಮಸ್ಕಿಯನ್ನು ಹಾದು ಹೋಗುತ್ತದೆ. ನಾನು ಈ ತುದಿಯ ಸಿಂಧನೂರಿನವನು. ಏಳನೇ ತರಗತಿ ಓದುವ ಮೊಮ್ಮಗಳು ಆ ತುದಿಯ ಲಿಂಗಸುಗೂರಿನಲ್ಲಿದ್ದಾಳೆ. ದಸರಾ ರಜೆಯಿಂದ ನಾವಿಬ್ಬರೂ ನಮ್ಮ ನಮ್ಮ ಮನೆಯಲ್ಲೇ ಕುಳಿತು, ನಡುವಿನ ಊರಿನ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಕೂಡಿ ಬರೆಯುತ್ತಿದ್ದೇವೆ.

ಮಸ್ಕಿಯ ಹೆಸರನ್ನು ನೀವು ಸಮಾಜ ಪುಸ್ತಕದಲ್ಲಿ ಓದಿರುತ್ತೀರಿ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಬಂದಾಗ ಇಲ್ಲಿನ ಬಂಡೆಯ ಮೇಲಿನ ಶಾಸನ ಕಂಡರು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅದುವರೆಗೆ ಸಿಕ್ಕ ಇಂಥ ಶಾಸನಗಳಲ್ಲಿ ದೊರೆಯನ್ನು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಕರೆದಿತ್ತು. ಇಲ್ಲಿ ‘ಅಸೋಕ’ ಎಂಬ ಹೆಸರೇ ಇತ್ತು! ಚಿನ್ನದ ಗಣಿ ಇರುವ ಹಟ್ಟಿ ಇಲ್ಲಿಂದ ದೂರವೇನಲ್ಲ. ಆದರೆ ಅವರಿಗೆ ಸಿಕ್ಕದ್ದು ಬೇರೆ ಬಗೆಯ ಚಿನ್ನ.

ಇಂಟರ್‌ನೆಟ್ಟಿನ ಪುಟ ಬರೆಯಲು ಮೊದಲೆಲ್ಲ ಉದ್ದುದ್ದ ಸಂಕೇತಗಳನ್ನು ಕಲಿಯಬೇಕಿತ್ತು. 1995ರಲ್ಲಿ ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬವರು, ಯಾರು ಬೇಕಾದರೂ ಕೈಹಚ್ಚಿ ತಿದ್ದಬಹುದಾದ ಪುಟಗಳನ್ನು ಮಾಡಿದರು. ಹವಾಯಿ ಭಾಷೆಯಲ್ಲಿ ‘ವಿಕಿ ವಿಕಿ’ ಎಂದರೆ ಬೇಗ ಬೇಗ. ಆ ಹೆಸರೇ ನಿಂತಿತು. ವಿಕಿಪೀಡಿಯ ಶುರುವಾದದ್ದು 2001ರಲ್ಲಿ, ಕನ್ನಡದ್ದು 2003ರಲ್ಲಿ.

ಅದರಲ್ಲಿ ಬರೆಯುವ ಚಿಹ್ನೆಗಳನ್ನು ಮೊಮ್ಮಗಳು ನನಗೆ ಒಂದೇ ಸಂಜೆಯಲ್ಲಿ, ಫೋನಿನಲ್ಲೇ ಕಲಿಸಿದಳು. ತಲೆಬರಹ ಬೇಕಾದರೆ ಎರಡೂ ಕಡೆ ಎರಡೆರಡು ಸಮ ಚಿಹ್ನೆ: ==ಇತಿಹಾಸ==. ಅಕ್ಷರ ದಪ್ಪ ಆಗಬೇಕಾದರೆ ಎರಡೂ ಕಡೆ ಮೂರು ಮೂರು ಒಂಟಿ ಉದ್ಧರಣ ಚಿಹ್ನೆ: '''ಮಸ್ಕಿ'''. ಸಾಲಿನ ಮೊದಲಿಗೆ * ಇಟ್ಟರೆ ಪಟ್ಟಿ. [[ಅಶೋಕ]] ಎಂದು ಜೋಡಿ ಚೌಕಾವರಣದಲ್ಲಿ ಬರೆದರೆ ಅಶೋಕನ ಪುಟಕ್ಕೆ ದಾರಿ. ಆ ಹೆಸರಿನ ಪುಟ ಇನ್ನೂ ಇಲ್ಲದಿದ್ದರೆ ಪದ ಕೆಂಪಾಗಿ ಕಾಣುತ್ತದೆ. “ಕೆಂಪು ಅಂದ್ರ ತಪ್ಪಲ್ಲ ತಾತ, ಯಾರರ ಬರೀರಿ ಅಂತ ಕರದಂಗ” ಎಂದಳು.

ನಲವತ್ತು ವರ್ಷ ಕೆಂಪು ಶಾಯಿ ಹಿಡಿದ ಮೇಷ್ಟ್ರಿಗೆ ಇದು ಹೊಸ ಪಾಠ.

ಒಂದು ಬೆಳಿಗ್ಗೆ ಅವಳ ಫೋನು, ಅಳುವ ದನಿ. “ತಾತ, ನಾ ಬರದದ್ದು ಯಾರೋ ಅಳಿಸ್ಯಾರ!” ಅಶೋಕನ ಹೆಸರು ಇರುವುದು ಮಸ್ಕಿಯಲ್ಲಿ ಮಾತ್ರ ಎಂದು ಅವಳು ಬರೆದಿದ್ದಳು. ‘ಮಾತ್ರ’ ಹೋಗಿ ‘ಮೊದಲಿಗೆ’ ಬಂದಿತ್ತು. ಊರಿನ ಹೆಮ್ಮೆಯನ್ನೇ ಯಾರೋ ಕಿತ್ತುಕೊಂಡಂತೆ ಅವಳಿಗೆ.

ವಿಕಿಯಲ್ಲಿ ಅಳಿಸಿದ್ದು ಕಳೆದುಹೋಗುವುದಿಲ್ಲ. ಪುಟದ ಮೇಲುಗಡೆ ‘ಇತಿಹಾಸ’ ಎಂಬುದನ್ನು ಒತ್ತಿದರೆ ಯಾರು, ಯಾವ ದಿನ, ಎಷ್ಟು ಗಂಟೆಗೆ, ಏನು ತಿದ್ದಿದರು ಎಲ್ಲ ಕಾಣುತ್ತದೆ. ತಿದ್ದಿದವರು ಕಾರಣವನ್ನೂ ಬರೆದಿದ್ದರು: ಮಧ್ಯಪ್ರದೇಶದ ಗುಜರ್ರಾ, ನಮ್ಮ ಹೊಳೆಯಾಚೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳಂ ಶಾಸನಗಳಲ್ಲೂ ಅಶೋಕನ ಹೆಸರಿದೆ, ಅವು ಆಮೇಲೆ ಸಿಕ್ಕವು. ಪುಸ್ತಕ ತೆಗೆದು ನೋಡಿದೆ. ಅವರ ಮಾತೇ ಸರಿ. ಮೊಮ್ಮಗಳು ಎರಡು ದಿನ ಮುನಿಸಿಕೊಂಡಿದ್ದು, ಮೂರನೇ ದಿನ ‘ಚರ್ಚೆ’ ಪುಟದಲ್ಲಿ ಆ ಅಪರಿಚಿತರಿಗೆ ಧನ್ಯವಾದ ಬರೆದು, ಕೊನೆಗೆ ~~~~ ಹಾಕಿದಳು. ನಾಲ್ಕು ಅಲೆ ಹಾಕಿದರೆ ನಮ್ಮ ಹೆಸರೂ ಹೊತ್ತೂ ತಾವಾಗಿಯೇ ಮೂಡುತ್ತವೆ. ಎಲ್ಲರೂ ಕೂಡಿ ಮಾತಾಡುವ ದೊಡ್ಡ ಪುಟವೂ ಒಂದಿದೆ. ಅದಕ್ಕೆ ಕನ್ನಡ ವಿಕಿಪೀಡಿಯದವರು ಇಟ್ಟ ಹೆಸರು ‘ಅರಳಿ ಕಟ್ಟೆ’. ಯಾರಿಗೆ ಹೊಳೆಯಿತೋ, ಭೇಷ್!

ಸಹಿ ಹಾಕುವುದು ಹಳೆಯ ರೂಢಿಯೇ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನದ ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡ ತನ್ನ ಹೆಸರು ಹಾಕಿದ್ದಾನೆ. ‘ಲಿಪಿಕಾರ’ ಎಂಬ ಅರ್ಥದ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದ. ಅವನ ಕಲ್ಲಿಗೆ ‘ಸಂಪಾದಿಸಿ’ ಎಂಬ ಗುಂಡಿ ಇರಲಿಲ್ಲ.

ನಮ್ಮಿಬ್ಬರ ನಡುವೆ ನಿಜವಾದ ಜಗಳ ಆದದ್ದು ಇನ್ನೊಂದಕ್ಕೆ. ಆ ಬಂಡೆಯ ಅಕ್ಷರ ಓದಿದವರಿಗೆ ನಿಧಿ ಸಿಗುತ್ತದೆ ಎಂದು ನಮ್ಮಪ್ಪ ಹೇಳುತ್ತಿದ್ದರು. ಅದನ್ನು ಸೇರಿಸು ಎಂದೆ. “ಯಾವ ಪುಸ್ತಕದಾಗ ಐತಿ ತಾತ?” ಎಂದಳು. ನಮ್ಮಪ್ಪನ ಬಾಯಲ್ಲಿತ್ತು, ಪುಸ್ತಕದಲ್ಲಿಲ್ಲ. ಅಚ್ಚಾದ ಆಧಾರವಿಲ್ಲದ ಮಾತು ವಿಕಿಪೀಡಿಯದಲ್ಲಿ ನಿಲ್ಲುವುದಿಲ್ಲ. ನಿಯಮ ಸರಿಯೇ, ಇಲ್ಲದಿದ್ದರೆ ಕಂಡವರು ಕಂಡದ್ದು ತುಂಬುತ್ತಾರೆ. ಆದರೆ ಅಪ್ಪನ ಮಾತು ಕೇಳಿದವರಲ್ಲಿ ಈಗ ಉಳಿದವನು ನಾನೊಬ್ಬನೇ. ನನ್ನೊಡನೆ ಅದೂ ಹೋಗಬೇಕೇ?

ಅದಕ್ಕೆ ಅವಳೇ ಬೇರೆ ಕಡತ ತೆರೆದಳು, ಮನೆಮಂದಿಯೆಲ್ಲ ಬರೆಯಬಹುದಾದದ್ದು. ಅಲ್ಲಿನ ಚಿಹ್ನೆಗಳ ಹೆಸರು ಮಾರ್ಕ್‌ಡೌನ್. 2004ರಲ್ಲಿ ಜಾನ್ ಗ್ರೂಬರ್ ಎಂಬವರು ಹೊರತಂದದ್ದು. ಇದರಲ್ಲಿ ತಲೆಬರಹಕ್ಕೆ ಮುಂದೊಂದು # ಸಾಕು. ಅದೇ ಚಿಹ್ನೆ ವಿಕಿಯಲ್ಲಿ ಒಂದು, ಎರಡು ಎಂದು ಎಣಿಕೆ ಹಾಕುತ್ತದೆ, ನೆನಪಿರಲಿ. ‘# ತಾತ ಹೇಳಿದ್ದು’ ಎಂದು ಬರೆದು, ನಿಧಿಯ ಮಾತು ಸೇರಿಸಿದಳು.

ಓದಿ ಹೇಳುವಾಗ ನನ್ನಾಕೆ ಒಳಗಿನಿಂದ ಕೂಗಿದಳು: “ನಿಧಿ ಅಲ್ಲ ಬಿಡ್ರಿ, ನಮ್ಮ ಕಡೆ ದೇವರ ಬರಹ ಅಂತಿದ್ರು.”

ಈಗ ಅದರ ಕೆಳಗೆ ಇನ್ನೊಂದು ತಲೆಬರಹ ಇದೆ: ‘# ಅಜ್ಜಿ ಹೇಳಿದ್ದು’. ಅದು ನನ್ನದಕ್ಕಿಂತ ಉದ್ದವಾಗುತ್ತಿದೆ.