ಚಿನ್ನಿಯ ಕೋಣೆಗೆ ಪಾಪು ಬಂತು

ಮಗಳು ಹೆರಿಗೆಗೆ ತವರಿಗೆ ಬಂದಾಗ ಬಾಣಂತಿ ಕೋಣೆಯೆಂದು ನಾವು ಗೊತ್ತುಮಾಡಿದ್ದು ಹಿತ್ತಲ ಕಡೆಯ ಕೋಣೆ. ಗಾಳಿ ಹೊಡೆಯುವುದಿಲ್ಲ, ಬಚ್ಚಲೂ ಪಕ್ಕದಲ್ಲೇ. ಎಲ್ಲ ಯೋಚಿಸಿದೆವು, ಒಂದನ್ನು ಬಿಟ್ಟು. ಆರು ವರ್ಷದಿಂದ ನಮ್ಮ ಬೆಕ್ಕು ಚಿನ್ನಿ ಮಲಗುತ್ತಿದ್ದದ್ದು ಅಲ್ಲೇ.

ಪಾಪು ಬಂದ ದಿನ ಆ ಬಾಗಿಲು ಮುಚ್ಚಿತು. ಸಾಂಬ್ರಾಣಿ ಹೊಗೆ, ನಡುರಾತ್ರಿಯ ಅಳು, ನೋಡಲು ಬರುವ ನೆಂಟರು. ಚಿನ್ನಿ ಅಟ್ಟ ಸೇರಿತು. ಮಾರನೆಯ ದಿನ ಇಳಿದು ಬಂದು ಮಡಿಸಿಟ್ಟ ಪಾಪುವಿನ ಬಟ್ಟೆಯ ಮೇಲೆ ಉಚ್ಚೆ ಹೊಯ್ದಿತು.

"ರೀ, ಗೋಣಿಚೀಲದಲ್ಲಿ ಹಾಕಿ ಮಾರ್ಕೆಟ್ ಹತ್ರ ಬಿಟ್ಟು ಬನ್ನಿ" ಎಂದಳು ನನ್ನವಳು. ಸುಳ್ಳೇಕೆ ಹೇಳಲಿ, ನಾನು ಚೀಲ ತಂದಿಟ್ಟೂ ಇದ್ದೆ. ಬೆಳಿಗ್ಗೆ ನೋಡಿದರೆ ಚೀಲವೇ ಇಲ್ಲ! ಎಂಟು ವರ್ಷದ ಮೊಮ್ಮಗಳು ಬಚ್ಚಿಟ್ಟಿದ್ದಳು. "ತಾತ, ಚಿನ್ನಿ ಎರಡು ದಿನದಿಂದ ಏನೂ ತಿಂದಿಲ್ಲ" ಎಂದು ಅತ್ತಳು.

ಪಶು ಆಸ್ಪತ್ರೆಗೆ ಒಯ್ದೆವು. ಬೆಕ್ಕು ಎರಡು ದಿನ ಉಪವಾಸವಿದ್ದರೆ ಯಕೃತ್ತಿಗೇ ಅಪಾಯವಂತೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಇದು ಎಲ್ಲಿ ಮಲಗ್ತಿತ್ತು?" ನಾನು ಹೇಳಿದೆ. "ಪಾಪು ಮೇಲೆ ಸಿಟ್ಟಲ್ಲ ಯಜಮಾನರೇ, ಅದಕ್ಕೆ ತನ್ನ ಮನೆಯೇ ಕಳೆದುಹೋಗಿದೆ" ಎಂದರು. ಬೆಕ್ಕು ಮನೆಯನ್ನು ಗುರುತಿಸುವುದು ಮುಖ್ಯವಾಗಿ ವಾಸನೆಯಿಂದ. ಬಾಗಿಲು, ಮಂಚದ ಕಾಲುಗಳಿಗೆ ಅದು ಕೆನ್ನೆ ಉಜ್ಜುವುದು ತನ್ನ ವಾಸನೆ ಅಂಟಿಸಲು.

ನಡುಮನೆಯ ಬೀರುವಿನ ಮೇಲೆ ಬಿದಿರಿನ ಬುಟ್ಟಿ ಇಟ್ಟು, ಚಿನ್ನಿಯ ಹಳೆಯ ಹೊದಿಕೆಯನ್ನು ಒಗೆಯದೆ ಹಾಸಿದೆವು. ಎತ್ತರದಲ್ಲಿ ಬೆಕ್ಕಿಗೆ ಧೈರ್ಯ. ಊಟ ಹಿಂದಿನ ಹೊತ್ತಿಗೇ. ಸಂಜೆ ಹತ್ತು ನಿಮಿಷ ದಾರ ಎಳೆದು ಆಡಿಸುವುದು ಮೊಮ್ಮಗಳ ಕೆಲಸ. ಪಾಪು ಹೊದ್ದ ಬಟ್ಟೆಯೊಂದನ್ನು ನೆಲದ ಮೇಲಿಟ್ಟು, ಪಕ್ಕದಲ್ಲಿ ಬೇಯಿಸಿದ ಮೀನಿನ ಚೂರಿಟ್ಟೆವು. ಹಿಡಿದು ಮೂಸಿಸಬಾರದು, ತಾನಾಗೇ ಬರಬೇಕು. ಮೊದಲ ದಿನ ಬುಸ್ಸೆಂದು ಓಡಿತು. ನಾಲ್ಕನೆಯ ದಿನ ಅದರ ಮೇಲೇ ಮಲಗಿತ್ತು. ಪಾಪು ಆಸ್ಪತ್ರೆಯಲ್ಲಿದ್ದಾಗಲೇ ಬಟ್ಟೆ ತರಬೇಕಿತ್ತು, ಕೋಣೆಯನ್ನಂತೂ ತಿಂಗಳುಗಳ ಮೊದಲೇ ಬದಲಿಸಬೇಕಿತ್ತು. ಆಗ ನಮಗೆ ಹೊಳೆಯಲಿಲ್ಲ.

ಹಾಗೆಂದು ಸಲಿಗೆ ಹೆಚ್ಚು ಕೊಡಲಿಲ್ಲ. ಬೆಕ್ಕು ಬೆಚ್ಚನೆಯ ಜಾಗ ಹುಡುಕುತ್ತದೆ. ಮುಖಕ್ಕೆ ಒತ್ತಿ ಮಲಗಿದರೆ ಹಸುಗೂಸಿಗೆ ತಳ್ಳಲು ಬರುವುದಿಲ್ಲ. ಆದ್ದರಿಂದ ತೊಟ್ಟಿಲಲ್ಲಿ ಪಾಪು ಮಲಗಿದಾಗ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಇಬ್ಬರನ್ನೂ ಒಟ್ಟಿಗೆ ಬಿಟ್ಟು ಯಾರೂ ಏಳುತ್ತಿರಲಿಲ್ಲ. ಚಿನ್ನಿಗೆ ರೇಬಿಸ್ ಲಸಿಕೆ ಹಾಕಿಸಿದೆವು. ಮಕ್ಕಳೇ, ಬೆಕ್ಕು ಪರಚಿದರೆ ಮುಚ್ಚಿಡಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅಂದೇ ಡಾಕ್ಟರಿಗೆ ತೋರಿಸಬೇಕು. ಬಸುರಿಯರು ಬೆಕ್ಕಿನ ಹೇಲು ತೆಗೆಯಬಾರದು, ಅದರಿಂದ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಾಗುವ ಸೋಂಕು ತಗಲಬಹುದು.

ಪಾಪು ಈಗ ಅಂಬೆಗಾಲಿಡುತ್ತಿದೆ. ಚಿನ್ನಿಯ ಬಾಲ ಕಂಡರೆ ಸಾಕು, ಹಿಡಿಯಲು ಓಡುತ್ತದೆ. ಚಿನ್ನಿ ಬೀರು ಹತ್ತಿ ಕೆಳಗೆ ನೋಡುತ್ತದೆ. ಗೋಣಿಚೀಲ ಎಲ್ಲಿದೆಯೆಂದು ಮೊಮ್ಮಗಳು ಇನ್ನೂ ಹೇಳಿಲ್ಲ.