ಕೀಳುವ ಮೊದಲು ಹೆಸರು ಕೇಳಿ

ಮುಂಗಾರಿನ ಎರಡು ಹದ ಮಳೆ ಬಿದ್ದರೆ ಸಾಕು, ಹಿತ್ತಿಲಲ್ಲಿ ನಾವು ಬಿತ್ತದ ಹತ್ತಾರು ಬಗೆಯ ಗಿಡಗಳು ತಲೆಯೆತ್ತುತ್ತವೆ. ಹಕ್ಕಿಯ ಹಿಕ್ಕೆಯಲ್ಲಿ, ಗಾಳಿಯಲ್ಲಿ, ಕೊಟ್ಟಿಗೆ ಗೊಬ್ಬರದಲ್ಲಿ, ಬಟ್ಟೆಯ ಅಂಚಿಗೆ ಅಂಟಿಕೊಂಡು ಬಂದ ಬೀಜಗಳ ಸಂತಾನ ಇದು. ಇವಕ್ಕೆಲ್ಲ ನಾವು ಇಟ್ಟಿರುವ ಹೆಸರು ಒಂದೇ: ಕಳೆ. ಹೆಸರು ಒಂದೇ ಆದ ಮೇಲೆ ಶಿಕ್ಷೆಯೂ ಒಂದೇ. ಆಳು ಕರೆಸಿ ಎಲ್ಲವನ್ನೂ ಕೆತ್ತಿಸುತ್ತೇವೆ, ಇಲ್ಲವೇ ಕಳೆನಾಶಕ ಹೊಡೆಸುತ್ತೇವೆ. ಈ ಸಾರಾಸಗಟು ತೀರ್ಪು ತಪ್ಪು. ತಾನಾಗಿ ಹುಟ್ಟಿದ ಗಿಡವನ್ನು ಉಳಿಸಬೇಕೋ ಕೀಳಬೇಕೋ ಎಂಬುದನ್ನು ಒಂದೊಂದಕ್ಕೂ ಬೇರೆಯಾಗಿಯೇ ತೀರ್ಮಾನಿಸಬೇಕು. ಅದಕ್ಕೆ ಆಧಾರವಾಗಬೇಕಾದದ್ದು ಗಿಡದ ನಡತೆ: ಅದು ಹೇಗೆ ಹಬ್ಬುತ್ತದೆ, ಯಾರಿಗೆ ಆಹಾರವಾಗುತ್ತದೆ, ಎಲ್ಲಿ ನಿಂತಿದೆ.

ಹೀಗೆ ಆರಿಸಿ ನೋಡುವ ಕಣ್ಣು ನಮ್ಮ ಅಡುಗೆಮನೆಗೂ ದೇವರಮನೆಗೂ ಹೊಸದೇನಲ್ಲ. ಹಳೆ ಮೈಸೂರು ಸೀಮೆಯ ಹೆಂಗಸರು ಹೊಲದ ಬದುವಿನಲ್ಲಿ ಅಣ್ಣೆ, ಗೋಣಿ, ಗಣಿಕೆ ಎಂದು ಒಂದೊಂದನ್ನೇ ಚಿವುಟಿ ಮಡಿಲು ತುಂಬಿಕೊಂಡು ಬಂದರೆ ಅದು ಬೆರಕೆ ಸೊಪ್ಪು; ಅದರ ಬಸ್ಸಾರಿಗೆ ಪೇಟೆಯ ಸೊಪ್ಪು ಸಾಟಿಯಲ್ಲ. ಮಲೆನಾಡಿನ ತಂಬುಳಿಗೆ ಒಂದೆಲಗ ಬರುವುದು ಬಚ್ಚಲ ನೀರು ಹರಿಯುವ ತೇವದ ಜಾಗದಿಂದ. ಗಣಪತಿಗೆ ಏರಿಸುವ 21 ಪತ್ರೆಗಳ ಸಾಲಿನಲ್ಲಿ ಉತ್ತರಾಣಿ, ಎಕ್ಕ, ಉಮ್ಮತ್ತಿಗಳೂ ಇವೆ. ಇವನ್ನು ಯಾರೂ ಪಾತಿ ಮಾಡಿ ಬೆಳೆಸುವುದಿಲ್ಲ. ಮನುಷ್ಯರ ಲೆಕ್ಕ ಬಿಟ್ಟರೂ ಇವುಗಳ ಕೆಲಸ ನಿಲ್ಲುವುದಿಲ್ಲ. ಬೆಳಗಿನ ಬಿಸಿಲಿನಲ್ಲಿ ತುಂಬೆ ಗಿಡದ ಮುಂದೆ ಕೂತು ನೋಡಿದರೆ ಇದು ಗೊತ್ತಾಗುತ್ತದೆ. ಕಾಂಡದ ಗೆಣ್ಣಿನಲ್ಲಿ ಹಸಿರು ಉಂಡೆ, ಅದರ ಸುತ್ತ ಬಿಳಿ ಹೂಗಳು. ಹೂವಿನ ಅಗಲವಾದ ಕೆಳದಳ ಜೇನುನೊಣಕ್ಕೆ ಇಳಿಯಲು ಹಾಸಿದ ಚಾಪೆಯಂತಿರುತ್ತದೆ. ಪ್ಲೇನ್ ಟೈಗರ್ ಚಿಟ್ಟೆ ಮೊಟ್ಟೆ ಇಡಲು ಹುಡುಕುವ ಗಿಡಗಳಲ್ಲಿ ಎಕ್ಕವೂ ಒಂದು. ಎಕ್ಕವನ್ನೆಲ್ಲ ಕಡಿದು ಹಾಕಿ, ಚಿಟ್ಟೆ ಬರಲೆಂದು ನರ್ಸರಿಯಿಂದ ಹೂಗಿಡ ತಂದರೆ, ಬಂದ ಚಿಟ್ಟೆಗೆ ಮಕರಂದ ಸಿಗಬಹುದು, ಮರಿಗೆ ಮೇವು ಸಿಗುವುದಿಲ್ಲ.

ಹಾಗೆಂದು ಬಂದದ್ದನ್ನೆಲ್ಲ ಬೆಳೆಯಗೊಡುವುದೂ ವಿವೇಕವಲ್ಲ. ಪಾರ್ಥೇನಿಯಂ ಕಥೆಯೇ ಸಾಕು. 1955ರಲ್ಲಿ ಪುಣೆಯಲ್ಲಿ ಕಂಡ ಈ ಗಿಡ ಇಂದು ದೇಶದ ಖಾಲಿ ಸೈಟುಗಳನ್ನೆಲ್ಲ ಆಳುತ್ತಿದೆ. ಮೊಳೆತ ಸುಮಾರು ಒಂದು ತಿಂಗಳಿಗೆ ಹೂ ಬಿಡುತ್ತದೆ, ದೊಡ್ಡ ಗಿಡವೊಂದು 15 ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು, ದನ ಮೂಸುವುದಿಲ್ಲ, ಮನುಷ್ಯರಿಗೆ ಚರ್ಮದ ಉರಿ, ತುರಿಕೆ, ಉಬ್ಬಸ ತರುತ್ತದೆ. ಇದನ್ನು ತಿನ್ನಲೆಂದೇ ಮೆಕ್ಸಿಕೋದ ದುಂಬಿಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ದುಂಬಿ ನೆಲೆಯೂರಿತು, ಕಳೆಯೂ ಉಳಿಯಿತು. ಅಲಂಕಾರಕ್ಕೆಂದು ಬ್ರಿಟಿಷರು ತಂದ ಲಂಟಾನ ಹಕ್ಕಿಗಳ ಹೊಟ್ಟೆಯಲ್ಲಿ ಪಯಣಿಸಿ ಬಂಡೀಪುರದ ಕಾಡಿನೊಳಗೂ ಪೊದೆಗಟ್ಟಿದೆ. ಇಂಥವನ್ನು ಹೂ ಬಿಡುವ ಮೊದಲೇ, ಮಳೆ ನಿಂತು ನೆಲ ಮೆತ್ತಗಿರುವಾಗ, ಕೈಗವಸು ಹಾಕಿ ಬೇರು ಸಮೇತ ಕೀಳಬೇಕು. ಜೇಕಿನ ಲೆಕ್ಕವೇ ಬೇರೆ: ಮೇಲಿನ ಹುಲ್ಲು ಕಿತ್ತರೆ ಗಡ್ಡೆ ಮಣ್ಣಿನಲ್ಲೇ ಉಳಿದು ಮತ್ತೆ ಚಿಗುರುತ್ತದೆ. ಅದನ್ನು ಗಡ್ಡೆ ಸಮೇತ ಅಗೆದು ತೆಗೆಯುವುದೇ ದಾರಿ. ಗಿಡದ ಹೆಸರು ತಿಳಿದರೆ ಅದನ್ನು ತೆಗೆಯುವ ರೀತಿಯೂ ತಿಳಿಯುತ್ತದೆ.

ಹೊರದೇಶದ್ದನ್ನೆಲ್ಲ ಕಿತ್ತು ನಮ್ಮದನ್ನೆಲ್ಲ ಉಳಿಸಿದರಾಯಿತಲ್ಲ ಎಂದು ಕೆಲವರು ಕೇಳಬಹುದು. ನಿಯಮ ಸುಲಭ, ಆದರೆ ಹಿತ್ತಿಲಲ್ಲಿ ನಿಲ್ಲುವುದಿಲ್ಲ. ಮುಟ್ಟಿದರೆ ಮುನಿಯೂ ಅಮೆರಿಕ ಖಂಡದಿಂದ ಬಂದದ್ದೇ. ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಬೇಲಿಯಂಚಿನಲ್ಲಿದ್ದರೆ ಇರಲಿ, ಮಕ್ಕಳು ಬರಿಗಾಲಲ್ಲಿ ಆಡುವ ಕಡೆ ಮುಳ್ಳು ಬೇಡ. ಅಶ್ವತ್ಥ ಅಚ್ಚ ನಮ್ಮದೇ ಮರ. ಆದರೂ ಹಕ್ಕಿ ಬಿತ್ತಿದ ಅದರ ಸಸಿ ಗೋಡೆಯ ಬಿರುಕಿನಲ್ಲಿ ಬೇರೂರಿದರೆ ಗೋಡೆ ಸೀಳುತ್ತದೆ. ಎಳೆಯದಿರುವಾಗಲೇ ಬಿಡಿಸಿ, ಕೆರೆ ಏರಿಯ ಕೆಳಗೋ ಊರ ಗುಂಡುತೋಪಿನಲ್ಲೋ ನೆಟ್ಟರೆ ಮನೆಯೂ ಉಳಿದೀತು, ಮರವೂ ಉಳಿದೀತು.

ಹಾವು, ಸೊಳ್ಳೆಗಳ ಭಯವನ್ನು ತಳ್ಳಿಹಾಕಲಾಗದು. ಸೊಳ್ಳೆ ಮೊಟ್ಟೆ ಇಡುವುದು ನಿಂತ ನೀರಿನಲ್ಲಿ. ತೆಂಗಿನ ಚಿಪ್ಪು, ಹಳೆ ಟಯರು ಖಾಲಿ ಮಾಡದೆ ಗಿಡ ಕಿತ್ತರೆ ಪ್ರಯೋಜನವಿಲ್ಲ. ಹಾವು ಬರುವುದು ಇಲಿ, ಕಪ್ಪೆಗಳ ಬೆನ್ನು ಹತ್ತಿ, ದಟ್ಟ ಪೊದೆ ಅದಕ್ಕೆ ಮರೆ. ಆದ್ದರಿಂದ ಬಾಗಿಲು, ಬಾವಿಕಟ್ಟೆ, ಓಡಾಡುವ ದಾರಿಯ ಸುತ್ತ ನೆಲ ಕಾಣುವಂತಿರಲಿ, ಕಾಡುಗಿಡಕ್ಕೆ ದೂರದ ಒಂದು ಮೂಲೆ ಸಿಗಲಿ. ಕಳೆ ಗೊಬ್ಬರ ಕದಿಯುತ್ತದೆ ಎಂಬ ಮಾತೂ ಎಳೆ ತರಕಾರಿ ಪಾತಿಯಲ್ಲಿ ನಿಜ. ಅಲ್ಲಿ ಮೊದಲ ವಾರಗಳಲ್ಲಿ ಕಳೆ ತೆಗೆಯಲೇಬೇಕು. ತೆಂಗು, ಮಾವಿನ ಬುಡದಲ್ಲಿ ಮಾತ್ರ ತಗ್ಗಿ ಬೆಳೆಯುವ ಹಸಿರು ಹೊದಿಕೆ ಮಳೆಯ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗದಂತೆ, ಬಿಸಿಲಿಗೆ ತೇವ ಆರದಂತೆ ಕಾಯುತ್ತದೆ.

ಇದಕ್ಕೆಲ್ಲ ಅಡಿಪಾಯ ಗುರುತು. ನೆಲನೆಲ್ಲಿಯನ್ನು ಎಲೆ ಮಗುಚಿ, ಕಡ್ಡಿಯ ಅಡಿಯಲ್ಲಿ ಸಾಲಾಗಿ ತೂಗುವ ಸಾಸಿವೆಯಷ್ಟು ಕಾಯಿ ನೋಡಿದರೆ ಮರೆಯಲಾಗದು. ಆದರೆ ಹೆಸರು ತಿಳಿದರಷ್ಟೇ ಸಾಲದು: ಗಣಿಕೆಯ ಹಣ್ಣು ತಿನ್ನಬಹುದು, ಹಸಿರು ಕಾಯಿ ತಿನ್ನಬಾರದು. ಪೂಜೆಗೆ ಒದಗುವ ಉಮ್ಮತ್ತಿಯ ಬೀಜ ವಿಷ. ಖಾತ್ರಿಯಾಗಿ ಗೊತ್ತಿಲ್ಲದ್ದನ್ನು ಬಾಯಿಗೆ ಹಾಕಬೇಡಿ, ಕೀಳಲೂ ಬೇಡಿ. ಮೊಗ್ಗು ಬರುವವರೆಗೆ ಕಾದು ಬಲ್ಲವರಿಗೆ ತೋರಿಸಿ, ಬೀಜ ಕಟ್ಟುವ ಮುನ್ನ ತೀರ್ಮಾನಿಸಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹುಟ್ಟಿದ ಕಾಲಕ್ಕೆ ಜನರಿಗೆ ಆ ಗಿಡದ ಹೆಸರಾದರೂ ಗೊತ್ತಿತ್ತು. ಬೆರಕೆ ಸೊಪ್ಪು ಆರಿಸಬಲ್ಲ ಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಈ ಮಳೆಗಾಲ ಕುಡುಗೋಲು ಹಿಡಿಯುವ ಮೊದಲು ಅವರನ್ನೊಮ್ಮೆ ಹಿತ್ತಿಲಿಗೆ ಕರೆದೊಯ್ಯಿರಿ, ಮಕ್ಕಳನ್ನೂ ಜೊತೆಗೆ ನಿಲ್ಲಿಸಿಕೊಳ್ಳಿ, ಒಂದೊಂದೇ ಗಿಡದ ಹೆಸರು ಕೇಳಿ ಬರೆದಿಡಿ.