ಹಿತ್ತಲಲ್ಲಿ ಹುಟ್ಟಿದ ಸಿಹಿ

ಜಪಾನಿನ ಶಿಜುವೊಕಾ ಪ್ರಾಂತ್ಯದಲ್ಲಿ ಮೋರಿ ಅಂತ ಒಂದು ಸಣ್ಣ ಊರು. ಅಲ್ಲಿನ ಮಾತ್ಸುಮೊಟೊ ಜಿರೊಕಿಚಿ ಎಂಬಾತ 1844ರ ಸುಮಾರಿಗೆ ಓಟಾ ಹೊಳೆಯ ದಂಡೆಯಲ್ಲಿ ತಾನಾಗಿ ಎದ್ದಿದ್ದ ಪರ್ಸಿಮನ್ ಹಣ್ಣಿನ ಸಸಿಯೊಂದನ್ನು ಕಂಡು, ಕಿತ್ತು ತಂದು ಮನೆಯ ಬಳಿ ನೆಟ್ಟ. ಸಸಿ ಮರವಾಯಿತು, ಕಾಯಿ ಬಿಟ್ಟಿತು. 1869ರಲ್ಲಿ ಬೆಂಕಿ ಬಿದ್ದು ಮರ ಸುಟ್ಟುಹೋಯಿತು. ಆದರೆ ಬುಡದಲ್ಲಿ ಜೀವವಿತ್ತು. ಮತ್ತೆ ಚಿಗುರಿತು, ಮತ್ತೆ ಕಾಯಿ ಕಚ್ಚಿತು. ಈ ಸಲ ಹಣ್ಣಿನಲ್ಲಿ ಒಗರೇ ಇರಲಿಲ್ಲ, ಕೊಯ್ದು ಹಾಗೇ ಕಚ್ಚಿ ತಿನ್ನುವಂತಿತ್ತು ಎನ್ನುತ್ತದೆ ಊರಿನ ಕಥೆ. ನೆರೆಹೊರೆಯವರು ಕಡ್ಡಿ ಬೇಡಿಕೊಂಡು ಹೋದರು, ಕಸಿ ಕಟ್ಟಿದರು. ನೆಟ್ಟವನ ಹೆಸರಿನಿಂದಲೇ ಆ ತಳಿ ‘ಜಿರೊ’ ಆಯಿತು.

ಬೆಂಕಿಯಿಂದ ಹಣ್ಣು ಸಿಹಿಯಾಯಿತು ಎಂಬುದನ್ನು ನಾನು ನಂಬುವುದಿಲ್ಲ. ಸುಟ್ಟ ಬುಡದಿಂದ ಬಂದ ಚಿಗುರು ಅದೇ ಗಿಡದ ಚಿಗುರು, ಅದರ ಗುಣವನ್ನು ಬೆಂಕಿ ಬದಲಿಸಲಾರದು. ಬಹುಶಃ ಆ ಸಸಿ ಮೊದಲಿನಿಂದಲೂ ಸಿಹಿಯ ಜಾತಿಯದೇ. ತಾನಾಗಿ ಎದ್ದ ಸಸಿಯ ಕಾಯಿ ಒಗರೇ ಇರಬೇಕು ಎಂದುಕೊಂಡ ಮೇಲೆ, ಗಟ್ಟಿ ಕಾಯಿಯನ್ನು ಬಾಯಿಗಿಟ್ಟು ನೋಡುವ ಧೈರ್ಯ ಯಾರಿಗೆ ಬರಬೇಕು? ಆದರೆ ಕಥೆಯ ಇನ್ನೊಂದು ಭಾಗ ನಿಜ, ಅದೇ ಮುಖ್ಯ ಕೂಡ. ಹೊಳೆದಂಡೆಯಿಂದ ಹಿತ್ತಲಿಗೆ ಬಂದ ಒಂದೇ ಒಂದು ಮರ ಇವತ್ತು ಅನೇಕ ದೇಶಗಳ ತೋಟಗಳಲ್ಲಿದೆ. ಈ ಹಣ್ಣಿನ ಚರಿತ್ರೆಯುದ್ದಕ್ಕೂ ನಡೆದದ್ದು ಇದೇ.

ಪರ್ಸಿಮನ್ ಮೂಲತಃ ಚೀನಾದ ಮರ. ಅಲ್ಲಿಂದ ಕೊರಿಯಾ, ಜಪಾನಿಗೆ ಹೋಯಿತು. ನಮಗೂ ಇದರ ನೆಂಟಸ್ತಿಕೆ ಇದೆ. ಮಂಗಳೂರಿನ ಕಡೆ ಮನೆಮನೆಯಲ್ಲಿ ಬೀಡಿ ಕಟ್ಟಿದ ಹೆಂಗಸರ ಕೈಯಲ್ಲಿ ಹಾದುಹೋದ ಎಲೆ ಇದೇ ಕುಲದ ಇನ್ನೊಂದು ಮರದ್ದು. ಕರಿಮರ, ಅಂದರೆ ಎಬೊನಿ, ಕೂಡ ಇದೇ ಬಳಗ. ಬಳಗದ ಸಮಾನ ಗುಣ ಒಗರು. ಬಲಿಯದ ಪರ್ಸಿಮನ್ ಕಚ್ಚಿದರೆ ಹಸಿ ಅಡಿಕೆ ಜಗಿದ ಹಾಗೆ ನಾಲಿಗೆ, ಒಸಡು ಎಲ್ಲ ಬಿಗಿದುಕೊಳ್ಳುತ್ತದೆ. ಕಾಯಿಯ ತಿರುಳಿನಲ್ಲಿ ಟ್ಯಾನಿನ್ ತುಂಬಿದ ಕೋಶಗಳಿರುತ್ತವೆ. ಆ ಟ್ಯಾನಿನ್ ಎಂಜಲಿನಲ್ಲಿ ಕರಗಿ ಅಲ್ಲಿನ ಪ್ರೋಟೀನಿಗೆ ಅಂಟಿಕೊಂಡಾಗ ಆಗುವ ಅನುಭವ ಅದು. ಹಣ್ಣು ಮೆತ್ತಗಾಗಿ ಲೋಳೆಯಂತಾಗುವ ಹೊತ್ತಿಗೆ ಟ್ಯಾನಿನ್ ಒಂದಕ್ಕೊಂದು ಹೆಣೆದುಕೊಂಡು ಕರಗದ ಸ್ಥಿತಿಗೆ ಬರುತ್ತದೆ. ಎಲ್ಲೂ ಹೋಗಿರುವುದಿಲ್ಲ, ನಾಲಿಗೆಗೆ ಸಿಗುವುದಿಲ್ಲ ಅಷ್ಟೇ.

ಗಟ್ಟಿಯಾಗಿರುವಾಗಲೇ ಒಗರು ಬಿಡುವ ತಳಿ ಬೇರೆ. ಜಪಾನಿನಲ್ಲಿ ಅಂಥದ್ದರಲ್ಲಿ ಎಲ್ಲಕ್ಕಿಂತ ಹಳೆಯದೆಂದು ಹೆಸರಾದದ್ದು ‘ಜೆಂಜಿಮಾರು’. ಇವತ್ತಿನ ಕಾವಾಸಾಕಿ ನಗರಕ್ಕೆ ಸೇರಿದ ಓಜೆಂಜಿ ಎಂಬ ಬೌದ್ಧ ದೇವಾಲಯದ ಗುಡ್ಡದಲ್ಲಿ, 1214ರಲ್ಲಿ, ಈ ಸಿಹಿ ಹಣ್ಣಿನ ಮರ ಸಿಕ್ಕಿತಂತೆ. ಅದನ್ನು ದೇವಾಲಯದ ಅಂಗಳಕ್ಕೆ ತಂದರು, ಅಲ್ಲಿಂದ ಸುತ್ತಲ ಹಳ್ಳಿಗಳಿಗೆ ಹಬ್ಬಿತು. ಈಗಲೂ ಆ ಭಾಗದ ರೈಲು ನಿಲ್ದಾಣವೊಂದರ ಹೆಸರಿನಲ್ಲಿ ಪರ್ಸಿಮನ್ ಇದೆ. ಆದರೆ ಜೆಂಜಿಮಾರುವಿನ ಸಿಹಿ ಷರತ್ತಿನ ಸಿಹಿ. ಪರಾಗ ತಾಗಿ ಬೀಜ ಕಟ್ಟಿದರೆ ಮಾತ್ರ ಒಗರು ಹೋಗುತ್ತದೆ. ಬೀಜ ತಾನೇ ಒಂದಿಷ್ಟು ಆಲ್ಕೋಹಾಲ್ ಹೊಮ್ಮಿಸುತ್ತದೆ, ಅದರಿಂದ ಅಸಿಟಾಲ್ಡಿಹೈಡ್ ಹುಟ್ಟಿ ಸುತ್ತಲಿನ ಟ್ಯಾನಿನ್ನನ್ನು ಕಟ್ಟಿಹಾಕುತ್ತದೆ. ಕೊಯ್ದು ನೋಡಿದರೆ ಬೀಜದ ಸುತ್ತ ಎಳ್ಳು ಚೆಲ್ಲಿದಂಥ ಕಂದು ಚುಕ್ಕೆಗಳು. ಕೆಟ್ಟಿದೆ ಎಂದು ಎಸೆಯುವವರುಂಟು. ಅದು ಸಿಹಿಯಾದದ್ದರ ಗುರುತು.

ಬೀಜವಿರಲಿ ಬಿಡಲಿ ಸಿಹಿಯಾಗುವ ಹಣ್ಣು ಬರುವುದಕ್ಕೆ ಇನ್ನೂ ಕೆಲವು ಶತಮಾನ ಬೇಕಾಯಿತು. ನಾರಾ ಸೀಮೆಯ ‘ಗೋಶೊ’ ಆ ಗುಂಪಿನ ಹಿರಿಯ. ಅದೇ ವಂಶದ ‘ಫುಯು’ ಈಗ ಜಪಾನಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳೆಯುವ ತಳಿ. ಗಿಫು ಪ್ರಾಂತ್ಯದಲ್ಲಿ ಫುಕುಶಿಮಾ ಸಾಯಿಜಿ ಎಂಬಾತ ತನ್ನ ಊರಲ್ಲೇ ಇದ್ದ ಒಂದು ಮರದ ರುಚಿಗೆ ಮನಸೋತು, 1884ರಲ್ಲಿ ಕಡ್ಡಿ ತಂದು ಕಸಿ ಮಾಡಿ, ಕೆಲವು ವರ್ಷ ನೋಡಿ, 1898ರಲ್ಲಿ ಆ ಹೆಸರಿಟ್ಟ. ಹೀಗೆ ಒಂದೊಂದೇ ಮರದಿಂದ ತಳಿ ಹೊರಟದ್ದಕ್ಕೆ ಕಾರಣವಿದೆ. ಪರ್ಸಿಮನ್ ಕೋಶದಲ್ಲಿ ಕ್ರೋಮೋಸೋಮುಗಳು ನಮ್ಮಂತೆ ಜೋಡಿಯಾಗಿಲ್ಲ, ಆರಾರು ಪ್ರತಿಯಾಗಿವೆ. ಜಪಾನಿನ ತಳಿಗಳಲ್ಲಿ ಈ ಸಿಹಿ ಗುಣ ಬಚ್ಚಿಟ್ಟುಕೊಳ್ಳುವಂಥದ್ದು. ಆರೂ ಪ್ರತಿಗಳಲ್ಲಿ ಅದೇ ಇದ್ದರೆ ಮಾತ್ರ ಹೊರಗೆ ಕಾಣುತ್ತದೆ. ಒಂದು ಪ್ರತಿ ಒಗರಿನದಾದರೂ ಹಣ್ಣು ಒಗರು. ಅಂದಮೇಲೆ ಬೀಜ ಬಿತ್ತಿ ಸಿಹಿ ಹಣ್ಣು ಪಡೆಯುವುದು ಲಾಟರಿಯೇ ಸರಿ. ಚೀನಾದ ಹುಬೆ ಪ್ರಾಂತ್ಯದ ಲುವೊಟಿಯಾನ್‌ನಲ್ಲಿ ಸಿಹಿ ಗುಣ ಬೇರೆಯದೇ ದಾರಿಯಲ್ಲಿ ಬಂದಿದೆ, ಅಲ್ಲಿ ಒಂದೇ ಪ್ರತಿ ಇದ್ದರೂ ಸಾಕು. ಈಗ ತಳಿ ಸಂಶೋಧಕರ ಕಣ್ಣು ಅದರ ಮೇಲಿದೆ.

ಲಾಟರಿ ಹೊಡೆಯದ ಹಿತ್ತಲುಗಳೇ ಹೆಚ್ಚು. ಆ ಹಿತ್ತಲಿನವರೇನು ಮರ ಕಡಿದು ಸೌದೆ ಮಾಡಲಿಲ್ಲ. ನನಗೆ ಕೇಳಿದರೆ, ಈ ಹಣ್ಣಿನ ಸುತ್ತ ಮನುಷ್ಯರ ಜಾಣ್ಮೆ ಬೆಳೆದಿದ್ದೇ ಒಗರಿನಿಂದ. ಕಾಯಿಯನ್ನು ಸುಮಾರು 40 ಡಿಗ್ರಿ ಬೆಚ್ಚಗಿನ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿಡುವುದು ಒಂದು ಉಪಾಯ. ತೊಟ್ಟಿನ ಬುಡದಲ್ಲಿರುವ ಎಲೆಯಂಥ ತೊಡಪಿಗೆ (ಪುಷ್ಪಪಾತ್ರೆಗೆ) ಸಾರಾಯಿ ಸವರಿ ಗಾಳಿಯಾಡದಂತೆ ಚೀಲದಲ್ಲಿ ಕಟ್ಟಿಡುವುದು ಇನ್ನೊಂದು. ಒಂದು ವಾರದಲ್ಲಿ ಗಟ್ಟಿ ಹಣ್ಣೇ ಸಿಹಿ. ಜೆಂಜಿಮಾರುವಿನ ಬೀಜ ಒಳಗಿನಿಂದ ಮಾಡುವ ಕೆಲಸವನ್ನು ಇವರು ಹೊರಗಿನಿಂದ ಮಾಡಿದರು, ರಸಾಯನಶಾಸ್ತ್ರದ ಗಂಧವಿಲ್ಲದೆ. ಇಸ್ರೇಲಿನ ಶರೋನ್ ಬಯಲಿನ ಹೆಸರು ಹೊತ್ತು ಮಾರುಕಟ್ಟೆಗೆ ಬರುವ ‘ಶರೋನ್ ಫ್ರೂಟ್’, ಸ್ಪೇನಿನ ವಲೆನ್ಸಿಯಾ ಕಡೆಯ ‘ರೋಖೊ ಬ್ರಿಯಾಂತೆ’, ಇವೆಲ್ಲ ಹುಟ್ಟಾ ಒಗರಿನವೇ. ಕೋಣೆಯಲ್ಲಿಟ್ಟು ಇಂಗಾಲದ ಡೈಆಕ್ಸೈಡ್ ಹಾಯಿಸಿ ಅವನ್ನು ಸಿಹಿ ಮಾಡುತ್ತಾರೆ.

ಎಲ್ಲಕ್ಕಿಂತ ಚೆಂದದ್ದು ಒಣಗಿಸುವ ಕ್ರಮ. ಕಾಯಿ ಕೊಯ್ಯುವಾಗಲೇ ತೊಟ್ಟಿನ ಜೊತೆ ಕೊಂಬೆಯ ತುಣುಕನ್ನು ಅಡ್ಡಕಡ್ಡಿಯಂತೆ ಬಿಟ್ಟು ಕತ್ತರಿಸುತ್ತಾರೆ, ದಾರ ಸಿಕ್ಕಿಸಲು. ಸಿಪ್ಪೆ ಹೆರೆದು, ದಾರದ ಎರಡು ತುದಿಗೆ ಒಂದೊಂದು ಹಣ್ಣು ಕಟ್ಟಿ, ಬೂಸ್ಟು ಹಿಡಿಯದಿರಲೆಂದು ಕುದಿಯುವ ನೀರಿನಲ್ಲಿ ಕೆಲವು ಸೆಕೆಂಡು ಅದ್ದಿ ತೆಗೆದು ಸೂರಿನಡಿಯ ಬಿದಿರು ಗಳಕ್ಕೆ ನೇತುಹಾಕುತ್ತಾರೆ. ಬಿಸಿಲು ಗಾಳಿ ಬೇಕು, ಮಳೆ ತಾಗಬಾರದು, ಹಣ್ಣಿಗೆ ಹಣ್ಣು ಮುಟ್ಟಬಾರದು. ವಾರ ಕಳೆದು ಮೇಲ್ಮೈ ಒಣಗಿ ತೊಗಲು ಕಟ್ಟಿದ ಮೇಲೆ ನಿಜವಾದ ಕೆಲಸ. ಒಂದೊಂದೇ ಹಣ್ಣನ್ನು ಹಿಡಿದು ಬೆರಳ ತುದಿಯಲ್ಲಿ ಹಗುರಾಗಿ ಹಿಸುಕಬೇಕು, ಒಳಗಿನ ಗಟ್ಟಿ ತಿರುಳು ಒಡೆಯಬೇಕು, ಮೇಲಿನ ತೊಗಲು ಹರಿಯಬಾರದು. ಕೆಲವು ದಿನ ಬಿಟ್ಟು ಮತ್ತೊಮ್ಮೆ. ತಿಂಗಳ ಮೇಲೆ ಹಣ್ಣು ಕುಗ್ಗಿ ಕಂದಾಗಿ, ಮೈಮೇಲೆ ಬಿಳಿ ಹಿಟ್ಟು ಮೂಡುತ್ತದೆ. ಅದು ಬೂಸ್ಟಲ್ಲ, ಹೊರಗೆ ಬಂದು ಹರಳುಗಟ್ಟಿದ ಸಕ್ಕರೆ. ಹೆರೆದ ಸಿಪ್ಪೆಯನ್ನೂ ಬಿಸಾಡುವುದಿಲ್ಲ. ಒಣಗಿಸಿ, ಅಕ್ಕಿ ತೌಡಿನಲ್ಲಿ ಹಾಕುವ ಮೂಲಂಗಿ ಉಪ್ಪಿನಕಾಯಿಗೆ ಸೇರಿಸುತ್ತಾರೆ.

ತಿನ್ನಲಾಗದ ಹಸಿರು ಕಾಯಿಗೂ ಕೆಲಸವಿತ್ತು. ಜಜ್ಜಿ ಹಿಂಡಿದ ರಸವನ್ನು ಹುದುಗಿಸಿ ವರ್ಷಗಟ್ಟಲೆ ಇಟ್ಟರೆ ಅದು ‘ಕಾಕಿಶಿಬು’. ಕಾಗದದ ಕೊಡೆ, ಮೀನಿನ ಬಲೆ, ಅಕ್ಕಿಮದ್ಯ ಹಿಂಡುವ ಚೀಲ, ಬಟ್ಟೆಗೆ ಅಚ್ಚು ಹಾಕುವ ಕಾಗದ, ಎಲ್ಲಕ್ಕೂ ಇದನ್ನು ಬಳಿದು ನೀರಿಗೆ ಹುಳಕ್ಕೆ ಬಗ್ಗದಂತೆ ಮಾಡಿದರು. ಮಲಬಾರ್ ಕರಾವಳಿಯ ಮೀನುಗಾರರು ಇದೇ ಕುಲದ ಕಾಡುಕಾಯಿಯ ರಸವನ್ನು ಬಲೆಗೂ ದೋಣಿಗೂ ಬಳಿಯುತ್ತಿದ್ದರು. ಇಬ್ಬರೂ ಒಬ್ಬರನ್ನು ನೋಡಿ ಒಬ್ಬರು ಕಲಿತಂತೆ ಕಾಣುವುದಿಲ್ಲ, ಒಗರು ಎಲ್ಲಿದ್ದರೂ ಒಂದೇ ಪಾಠ ಹೇಳಿಕೊಡುತ್ತದೆ.

ನಮ್ಮಲ್ಲಿ ಪರ್ಸಿಮನ್ ನೆಲೆಯೂರಿದ್ದು ಹಿಮಾಚಲದ ಕುಲ್ಲು ಕಣಿವೆಯಂಥ ಕಡೆ, ದಕ್ಷಿಣದಲ್ಲಿ ನೀಲಗಿರಿಯ ಕುನೂರಿನ ಎತ್ತರದಲ್ಲಿ. ಕುಲ್ಲುವಿನವರ ಬಾಯಲ್ಲಿ ಇದು ‘ಜಪಾನಿ ಫಲ’. ಅಕ್ಟೋಬರ್, ನವೆಂಬರಿನಲ್ಲಿ ಬೆಂಗಳೂರಿನ ಹಣ್ಣಿನಂಗಡಿಗಳಲ್ಲೂ ಕಾಣುತ್ತದೆ. ತಿಂದವರು ಬೀಜ ಕುಂಡದಲ್ಲಿ ಊರಿ ಕಾಯುತ್ತಾರೆ. ಅವರಿಗೆ ಎರಡು ಮಾತು ಹೇಳಲೇಬೇಕು. ಬೀಜದ ಗಿಡ ಏನಾಗುತ್ತದೆಂದು ಆಗಲೇ ನೋಡಿದೆವು. ಅದರ ಮೇಲೆ, ಈ ಮರಕ್ಕೆ ಎಲೆ ಉದುರಿಸಿ ಮಲಗಲು ಚಳಿ ಬೇಕು. ಸೇಬಿನಷ್ಟು ಬೇಡ, 7 ಡಿಗ್ರಿಗಿಂತ ಕೆಳಗೆ ನೂರಿನ್ನೂರು ಗಂಟೆ ಸಿಕ್ಕಿದರೆ ಸಾಕು. ಬೆಂಗಳೂರಿನಲ್ಲಿ ಅಷ್ಟೂ ಸಿಗುವುದಿಲ್ಲ. ನೆರಳಿಗೆಂದು ಬೆಳೆಸಬಹುದು, ಹಣ್ಣಿನ ಆಸೆಯಿದ್ದರೆ ಬೆಟ್ಟ ಹತ್ತಬೇಕು.

ಚಳಿಯ ಊರಿನ ಹಿತ್ತಲಾದರೆ ಕಸಿ ಗಿಡವನ್ನೇ ತರಬೇಕು. ಹಿಮಾಚಲದಲ್ಲಿ ಸಾಮಾನ್ಯವಾಗಿ ಅಮ್ಲೂಕ್ ಎಂಬ ಕಾಡು ನೆಂಟನ ಬೇರಿನ ಮೇಲೆ ಕಸಿ ಕಟ್ಟುತ್ತಾರೆ. ಫುಯು ಮಾತ್ರ ಅದರ ಜೊತೆ ಎಷ್ಟೋ ಸಲ ಸರಿಯಾಗಿ ಕೂಡಿಕೊಳ್ಳುವುದಿಲ್ಲ, ಅದಕ್ಕೆ ಪರ್ಸಿಮನ್ನಿನದೇ ಬೇರು ಮೇಲು. ಗಿಡ ತಂದವರು ಮಣ್ಣು ಬಿಡಿಸಿದಾಗ ಬೇರು ಕಪ್ಪಗೆ ಕಂಡರೆ ಕೊಳೆತಿದೆ ಎಂದು ಗಾಬರಿಯಾಗಬಾರದು, ಅದರ ಬಣ್ಣವೇ ಅದು. ತಾಯಿಬೇರು ಆಳಕ್ಕಿಳಿಯುವುದರಿಂದ ಗುಂಡಿ ಆಳವಾಗಿರಲಿ. ಕಸಿ ಗಿಡ ಮೂರರಿಂದ ಐದು ವರ್ಷಕ್ಕೆ ಫಲ ಕೊಡುತ್ತದೆ. ಪೀಚ್‌ಗೂ ಚೆಸ್ಟ್‌ನಟ್‌ಗೂ ಮೂರು ವರ್ಷ, ಪರ್ಸಿಮನ್‌ಗೆ ಎಂಟು ವರ್ಷ ಎಂದು ಜಪಾನಿನ ಗಾದೆ ಹೇಳುವುದು ಬೀಜದ ಗಿಡದ ಲೆಕ್ಕ. ಮೊದಲ ವರ್ಷಗಳಲ್ಲಿ ಹೀಚು ರಾಶಿರಾಶಿ ಉದುರುತ್ತದೆ. ಗೊಬ್ಬರ ಸಾಲದೆಂದು ಯೂರಿಯಾ ಸುರಿದರೆ ಇನ್ನಷ್ಟು ಉದುರುತ್ತದೆ. ಸವರುವಾಗಲೂ ಎಚ್ಚರ ಬೇಕು. ಹೋದ ವರ್ಷದ ರೆಂಬೆಯ ತುದಿಯ ಮೊಗ್ಗುಗಳಿಂದ ಹೊರಡುವ ಹೊಸ ಚಿಗುರಿನಲ್ಲೇ ಹೂವು. ಅಂದಕ್ಕೆಂದು ತುದಿಗಳನ್ನೆಲ್ಲ ಸಮನಾಗಿ ಕತ್ತರಿಸಿದರೆ ಆ ವರ್ಷದ ಫಸಲೂ ಕತ್ತರಿಸಿದಂತೆ. ಹಣ್ಣು ಎಳೆದು ಕೀಳದೆ, ತೊಡಪು ಹಣ್ಣಿಗೇ ಉಳಿಯುವಂತೆ ಕತ್ತರಿಯಿಂದ ಕೊಯ್ಯಬೇಕು. ಒಗರು ಬಿಡದ ಕಾಯಿಯನ್ನು ಖಾಲಿ ಹೊಟ್ಟೆಗೆ ಜಾಸ್ತಿ ತಿಂದರೆ ಟ್ಯಾನಿನ್ ಹೊಟ್ಟೆಯಲ್ಲಿ ಗಡ್ಡೆ ಕಟ್ಟುವುದುಂಟು. ವೈದ್ಯರಿಗೆ ಹಳೆಯ ಪರಿಚಯದ ತೊಂದರೆ ಅದು.

ಸುಟ್ಟರೂ ಚಿಗುರುವ ಈ ಮರದ ಹಟಕ್ಕೆ ಮೋರಿಗಿಂತ ದೊಡ್ಡ ಸಾಕ್ಷಿ ನಾಗಾಸಾಕಿಯಲ್ಲಿದೆ. 1945ರ ಆಗಸ್ಟ್ 9ರ ಬಾಂಬಿನಲ್ಲಿ ಅರ್ಧ ಮೈ ಕರಕಲಾದ ಒಂದು ಪರ್ಸಿಮನ್ ಮರ ಸಾಯದೆ ನಿಂತಿತ್ತು. ಮರಗಳ ವೈದ್ಯ ಎಬಿನುಮಾ ಮಸಾಯುಕಿ 1994ರಲ್ಲಿ ಅದಕ್ಕೆ ಆರೈಕೆ ಮಾಡಿ, ಅದರಿಂದ ಸಸಿ ಎಬ್ಬಿಸಿ ಮಕ್ಕಳಿಗೆ ಹಂಚತೊಡಗಿದರು. ಕಲಾವಿದ ಮಿಯಾಜಿಮಾ ತಾತ್ಸುವೊ ಜೊತೆಯಾದರು. 1996ರಲ್ಲಿ ಟೋಕಿಯೋದಲ್ಲಿ ಹಿಂದೆ ರ್‍ಯುಹೊಕು ಪ್ರಾಥಮಿಕ ಶಾಲೆಯಿದ್ದ ಜಾಗದಲ್ಲಿ ಮೊದಲ ಸಸಿ ನೆಟ್ಟರು, ಅಲ್ಲಿಂದ ಅವು ಹಲವು ದೇಶಗಳಿಗೆ ಹೋದವು.

ಅದೇ ಜಪಾನಿನ ಹಳ್ಳಿಗಳಲ್ಲಿ ಈಗ ಹಿತ್ತಲ ಪರ್ಸಿಮನ್ ತಲೆನೋವಾಗಿದೆ. ಮಕ್ಕಳು ಪಟ್ಟಣ ಸೇರಿದ್ದಾರೆ, ಉಳಿದ ಮುದುಕರಿಗೆ ಮರ ಹತ್ತಲಾಗದು; ಇದರ ಕೊಂಬೆ ಬೇರೆ ಪಟ್ಟನೆ ಮುರಿಯುತ್ತದೆ. ಹಕ್ಕಿಗೆಂದು ತುದಿಯಲ್ಲಿ ಒಂದೆರಡು ಹಣ್ಣು ಬಿಡುವ ಪದ್ಧತಿಯಿತ್ತು, ಈಗ ಇಡೀ ಮರವೇ ಹಾಗೆ ಬಿಟ್ಟಿರುತ್ತದೆ. ಅದಕ್ಕೆ ಕರಡಿ ಬರುತ್ತಿದೆ. 2023ರಲ್ಲಿ ಅಲ್ಲಿ ಕರಡಿ ದಾಳಿಗೆ ಸಿಕ್ಕವರು ಇನ್ನೂರು ದಾಟಿದರು, ಅಕಿತಾ ಪ್ರಾಂತ್ಯದಲ್ಲೇ ಹೆಚ್ಚು. ಕೊಯ್ಯದ ಮರ ಕಡಿಯಿರಿ ಎಂದು ಸ್ಥಳೀಯ ಆಡಳಿತಗಳು ಹೇಳುತ್ತಿವೆ, ಕೆಲವು ಕಡೆ ಕಡಿಯಲು ಹಣವನ್ನೂ ಕೊಡುತ್ತಿವೆ. ಕರಡಿಯನ್ನು ಕಂಡವರಿಗೆ ಬೇರೆ ಮಾತು ಹೇಳುವುದು ಸುಲಭವಲ್ಲ. ಹೆಸರಾದ ತಳಿಗಳೇನೋ ಉಳಿದಾವು. ಹಿರೋಶಿಮಾ ಪ್ರಾಂತ್ಯದ ಅಕಿತ್ಸುವಿನ ಸಂಶೋಧನಾ ಕೇಂದ್ರದಲ್ಲಿ ನೂರಾರು ತಳಿ ಕಾಪಿಟ್ಟಿದ್ದಾರೆ. ಹೆಸರೇ ಇಲ್ಲದ ಮನೆಮರಗಳಿಗೆ ಆ ಭಾಗ್ಯವಿಲ್ಲ. ಉಳಿಸಿಕೊಳ್ಳಬೇಕೆನ್ನುವ ಕೆಲವರು ಮರವನ್ನು ಮೇಲಿನಿಂದ ತಗ್ಗಿಸಿ, ನೆಲದ ಮೇಲೆ ನಿಂತೇ ಕೊಯ್ಯುವಷ್ಟು ಎತ್ತರಕ್ಕೆ ಇಳಿಸುತ್ತಿದ್ದಾರೆ. ಒಂದೇ ಸಲಕ್ಕೆ ಕತ್ತರಿಸಿದರೆ ಮರ ಬರೀ ನೀರುಚಿಗುರು ಬಿಡುತ್ತದೆ, ಕಾಯಿ ಬರುವುದಿಲ್ಲ. ಎರಡು ಮೂರು ಚಳಿಗಾಲಕ್ಕೆ ಹಂಚಿಕೊಂಡು ಸವರಬೇಕು.